ಪುಟ್ಟ ಮಕ್ಕಳಿರುವ ಮನೆ: ‘ಕಣ್ಣಿಟ್ಟಿದ್ದರೆ ಸಾಕು’ ಎಂಬ ನಂಬಿಕೆ ಎಷ್ಟು ಸರಿ?

ಅಂಬೆಗಾಲಿಡುವ ಮಗು ಬಿಸಿನೀರಿನ ಬಕೆಟ್ಟನ್ನು ಮೈಮೇಲೆ ಎಳೆದುಕೊಂಡಿತು, ಸಂಪಿಗೆ ಬಿತ್ತು, ನೀರೆಂದುಕೊಂಡು ಸೀಮೆಎಣ್ಣೆ ಕುಡಿಯಿತು. ಇಂಥ ಸುದ್ದಿ ಕೇಳಿದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ‘ಅಮ್ಮ ಏನು ಮಾಡ್ತಿದ್ದಳು?’ ಎರಡನೆಯದು ‘ಹಣೆಬರಹ, ಏನು ಮಾಡೋಕಾಗುತ್ತೆ?’ ಮೊದಲ ಮಾತು ಇಡೀ ಹೊಣೆಯನ್ನು ಒಬ್ಬರ ತಲೆಗೆ ಕಟ್ಟುತ್ತದೆ. ಎರಡನೆಯದು ಹೊಣೆ ಯಾರದ್ದೂ ಅಲ್ಲ ಎನ್ನುತ್ತದೆ. ಎರಡರಲ್ಲೂ ಬಕೆಟ್ಟು ಮಾತ್ರ ಇದ್ದ ಜಾಗದಲ್ಲೇ ಇರುತ್ತದೆ.

ಮನೆಯೊಳಗಿನ ಅವಘಡಗಳಲ್ಲಿ ಹೆಚ್ಚಿನವು ಮೊದಲೇ ಊಹಿಸಬಹುದಾದವು. ಯಾವ ವಯಸ್ಸಿನ ಮಗುವಿಗೆ, ಯಾವ ವಸ್ತುವಿನಿಂದ, ಹೇಗೆ ಅಪಾಯ ಎನ್ನುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ನಮ್ಮ ಮನೆಗಳಲ್ಲಿ ಆ ಅಪಾಯಗಳು ಎಲ್ಲೆಲ್ಲಿವೆ, ಅವನ್ನು ತಪ್ಪಿಸುವುದು ಹೇಗೆ, ತಪ್ಪಿಸಲಾಗದೆ ಹೋದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಣ್ಣಿಟ್ಟಿದ್ದರೆ ಸಾಕೇ?

ಮಗುವಿನ ಮೇಲೆ ಕಣ್ಣಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೊಂದನ್ನೇ ನಂಬಿಕೊಂಡರೆ ಸಾಲದು. ಇಡೀ ದಿನ ರೆಪ್ಪೆ ಮಿಟುಕಿಸದೆ ನೋಡುತ್ತಾ ಕೂರಲು ಯಾರಿಂದಲೂ ಆಗದು. ಹಾಲು ಉಕ್ಕುತ್ತದೆ, ಬಾಗಿಲು ಬಡಿಯುತ್ತಾರೆ, ಫೋನ್ ರಿಂಗಾಗುತ್ತದೆ. ಮಗುವಿಗೆ ಆ ಅರ್ಧ ನಿಮಿಷ ಸಾಕು. ಸಿನಿಮಾದಲ್ಲಿ ಮುಳುಗುವವರು ಕೈಕಾಲು ಬಡಿದು ಕೂಗುತ್ತಾರೆ. ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದ ಮಗುವಿಗೆ ಕೂಗಲು ಆಗುವುದಿಲ್ಲ. ಪಕ್ಕದ ಕೋಣೆಗೆ ಸದ್ದೇ ಕೇಳಿಸದಿರಬಹುದು.

ಹಾಗಾಗಿ ಮಗುವಿನ ಸುತ್ತಲಿನ ಮನೆಯನ್ನೇ ಬದಲಾಯಿಸಬೇಕು. ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ನ್ಯೂಯಾರ್ಕ್ ನಗರದ್ದು. ಬಹುಮಹಡಿ ಕಟ್ಟಡಗಳ ಕಿಟಕಿಯಿಂದ ಮಕ್ಕಳು ಬಿದ್ದು ಸಾಯುವುದು ಅಲ್ಲಿ ದೊಡ್ಡ ಸಮಸ್ಯೆಯಾಗಿತ್ತು. 1972ರಲ್ಲಿ ನಗರದ ಆರೋಗ್ಯ ಇಲಾಖೆ ತಂದೆತಾಯಂದಿರಿಗೆ ತಿಳಿವಳಿಕೆ ಕೊಡುವುದರ ಜೊತೆಗೆ ಕಿಟಕಿಗೆ ಹಾಕುವ ಸರಳುಗಳನ್ನೂ ಹಂಚಿತು. 1976ರಲ್ಲಿ, ಸಣ್ಣ ಮಕ್ಕಳಿರುವ ಬಾಡಿಗೆ ಮನೆಗಳಿಗೆ ಮಾಲೀಕರೇ ಸರಳು ಹಾಕಿಸಬೇಕೆಂಬ ನಿಯಮ ಬಂತು. ಮಕ್ಕಳು ಬೀಳುವುದು ಬಹಳ ಕಡಿಮೆಯಾಯಿತು. ಅಲ್ಲಿನ ತಾಯಂದಿರು ಇದ್ದಕ್ಕಿದ್ದಂತೆ ಹೆಚ್ಚು ಎಚ್ಚರದವರಾದರು ಎಂದಲ್ಲ, ಕಿಟಕಿ ಬದಲಾಯಿತು.

ಯಾವುದೇ ಅಪಾಯಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ಮೊದಲು, ಆ ವಸ್ತು ಮನೆಯಲ್ಲಿ ಬೇಕೇ ಎಂದು ಕೇಳಿ. ಬೇಡವಾದರೆ ಹೊರಗೆ ಹಾಕಿ. ಬೇಕಾದರೆ ಮಗುವಿಗೆ ಎಟುಕದಂತೆ ಇಡಿ. ಅದೂ ಆಗದಿದ್ದರೆ ನಡುವೆ ಅಡ್ಡ ಕಟ್ಟಿ. ಕಣ್ಗಾವಲು ಇವೆಲ್ಲದರ ಜೊತೆಗೆ ಇರಬೇಕಾದದ್ದು, ಇವುಗಳ ಬದಲಿಗೆ ಅಲ್ಲ.

ಅಪಾಯ ವಯಸ್ಸಿನ ಜೊತೆ ಬದಲಾಗುತ್ತದೆ

ಮಗು 4ರಿಂದ 6 ತಿಂಗಳಲ್ಲಿ ಮಗುಚಿಕೊಳ್ಳುತ್ತದೆ. ಅಲ್ಲಿಯವರೆಗೆ ಮಂಚದ ಮೇಲೆ ಸುಮ್ಮನೆ ಮಲಗಿದ್ದ ಮಗು ಒಂದು ದಿನ ಹಠಾತ್ತನೆ ಕೆಳಗೆ ಬೀಳುವುದು ಇದೇ ಹಂತದಲ್ಲಿ. 7ರಿಂದ 10 ತಿಂಗಳಲ್ಲಿ ತೆವಳುತ್ತದೆ, ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಒಂದು ವರ್ಷದ ಹೊತ್ತಿಗೆ ಹಿಡಿದು ನಿಲ್ಲುತ್ತದೆ. ಹಿಡಿದುಕೊಳ್ಳುವುದು ಮೇಜಿನ ಬಟ್ಟೆಯೋ ಇಸ್ತ್ರಿಪೆಟ್ಟಿಗೆಯ ವೈರೋ ಆಗಬಹುದು. ಎರಡು ವರ್ಷಕ್ಕೆ ಕುರ್ಚಿ ಎಳೆದು ತಂದು ಹತ್ತುತ್ತದೆ, ಚಿಲಕ ತೆಗೆಯುತ್ತದೆ, ದೊಡ್ಡವರು ಮಾಡುವುದನ್ನೆಲ್ಲ ತಾನೂ ಮಾಡಲು ನೋಡುತ್ತದೆ.

ಆದ್ದರಿಂದ ಮನೆಯನ್ನು ಒಮ್ಮೆ ಸರಿಪಡಿಸಿದರೆ ಮುಗಿಯಲಿಲ್ಲ. ಮಗು ಇಂದು ಏನು ಮಾಡುತ್ತಿದೆ ಎಂದು ನೋಡಿ ಸಿದ್ಧವಾಗುವುದಕ್ಕಿಂತ, ಮುಂದಿನ ಎರಡು ಮೂರು ತಿಂಗಳಲ್ಲಿ ಏನು ಮಾಡಲಿದೆ ಎಂದು ಯೋಚಿಸುವುದು ಒಳ್ಳೆಯದು.

ಬಚ್ಚಲುಮನೆ, ಸಂಪು, ತೊಟ್ಟಿ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ 5 ವರ್ಷದೊಳಗಿನ ಮಕ್ಕಳು. ಮುಳುಗುವುದು ಎಂದರೆ ನಮಗೆ ನೆನಪಾಗುವುದು ಕೆರೆ, ಹೊಳೆ, ಬಾವಿ. ಆದರೆ ಪುಟ್ಟ ಮಗುವಿಗೆ ಬಕೆಟ್ಟೇ ಬಾವಿ. ಈ ವಯಸ್ಸಿನಲ್ಲಿ ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು, ಭಾರ. ಬಕೆಟ್ಟಿನ ಅಂಚು ಹಿಡಿದು ಬಗ್ಗಿದ ಮಗು ತಲೆಕೆಳಗಾಗಿ ಬೀಳುತ್ತದೆ. ಮೇಲೇಳುವಷ್ಟು ಬಲ ಅದರ ತೋಳಿಗಿಲ್ಲ. ಮೂಗು ಬಾಯಿ ಮುಳುಗುವಷ್ಟು, ಅಂದರೆ 5 ಸೆಂಟಿಮೀಟರ್ ನೀರಿದ್ದರೂ ಪ್ರಾಣ ಹೋಗಬಹುದು.

ನಲ್ಲಿ ನೀರು ವಾರಕ್ಕೆರಡು ಸಲ ಬರುವ ಊರುಗಳಲ್ಲಿ ‘ಬಕೆಟ್ ಖಾಲಿ ಇಡಿ’ ಎಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಅಂಥ ಕಡೆ ಹೀಗೆ ಮಾಡಬಹುದು:

- ನೀರು ಹಿಡಿದಿಡುವ ಡ್ರಮ್ಮು, ತೊಟ್ಟಿ, ಹಂಡೆಗಳಿಗೆ ಮಗು ಸರಿಸಲಾಗದಂಥ ಭಾರದ ಮುಚ್ಚಳ ಹಾಕಿ. ಸೊಳ್ಳೆಯೂ ಮೊಟ್ಟೆ ಇಡುವುದಿಲ್ಲ.
- ಬಚ್ಚಲುಮನೆಯ ಬಾಗಿಲಿಗೆ ಹೊರಗಿನಿಂದ, ದೊಡ್ಡವರ ಎದೆಮಟ್ಟದಲ್ಲಿ ಒಂದು ಚಿಲಕ ಹಾಕಿಸಿ. ಇದು ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಉಪಯೋಗದ ಬದಲಾವಣೆ.
- ಸಂಪಿನ ಮುಚ್ಚಳಕ್ಕೆ ಬೀಗ ಇರಲಿ. ತುಕ್ಕು ಹಿಡಿದ ತಗಡಿನ ಮುಚ್ಚಳ ಮಗು ಮೇಲೆ ನಿಂತರೆ ಕುಸಿಯಬಹುದು. ನೀರು ಬಂದಿದೆಯೇ ಎಂದು ನೋಡಲು ತೆರೆದವರೇ ಮುಚ್ಚಿ ಬರಬೇಕು.
- ಮಗುವಿಗೆ ಸ್ನಾನ ಮಾಡಿಸುವಾಗ ಟವೆಲು ಮರೆತಿದ್ದರೆ ಮಗುವನ್ನು ಎತ್ತಿಕೊಂಡೇ ಹೋಗಿ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮಕ್ಕಳು ಹೆಚ್ಚಾಗಿ ಮುಳುಗುವುದು ಬೆಳಗಿನಿಂದ ಮಧ್ಯಾಹ್ನದೊಳಗೆ, ತಾಯಿ ಮನೆಗೆಲಸದಲ್ಲಿರುವ ಹೊತ್ತಿನಲ್ಲಿ ಎಂದು ಅಲ್ಲಿನ ಸಂಶೋಧಕರು ಕಂಡುಕೊಂಡರು. ಆ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ‘ಆಂಚಲ್’ ಎಂಬ ಶಿಶುಕೇಂದ್ರಗಳನ್ನು ಊರೂರಲ್ಲಿ ತೆರೆದಾಗ, ಅಲ್ಲಿಗೆ ಬರುವ ಮಕ್ಕಳಲ್ಲಿ ಮುಳುಗಿ ಸಾಯುವುದು ತೀರಾ ಕಡಿಮೆಯಾಯಿತು. ಕರ್ನಾಟಕದಲ್ಲಿ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ಶುರುವಾದ ‘ಕೂಸಿನ ಮನೆ’ಗಳೂ ದುಡಿಯುವ ತಾಯಂದಿರ ಮಕ್ಕಳಿಗಾಗಿಯೇ ಇವೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ ಎಂದು ವಿಚಾರಿಸಿ.

ಅಡುಗೆಮನೆ ಮತ್ತು ಬಿಸಿನೀರು

ಮಗುವಿನ ಚರ್ಮ ತೆಳು. ದೊಡ್ಡವರಿಗೆ ‘ಸ್ವಲ್ಪ ಜಾಸ್ತಿ ಬಿಸಿ’ ಎನಿಸುವ ನೀರು ಮಗುವಿಗೆ ಆಳವಾದ ಸುಟ್ಟಗಾಯ ಮಾಡಬಲ್ಲದು. 60 ಡಿಗ್ರಿ ಸೆಲ್ಸಿಯಸ್ ನೀರು ತಗುಲಿದರೆ ಕೆಲವೇ ಸೆಕೆಂಡುಗಳು ಸಾಕು. ಅದೇ ನೀರು 50 ಡಿಗ್ರಿಯ ಒಳಗಿದ್ದರೆ ಕೈಹಿಂದೆ ತೆಗೆಯಲು, ಮಗುವನ್ನು ಎತ್ತಿಕೊಳ್ಳಲು ಸಮಯ ಸಿಗುತ್ತದೆ. ಗೀಸರಿನಲ್ಲಿ ಉಷ್ಣತೆ ಹೊಂದಿಸುವ ಗುಂಡಿ ಇದ್ದರೆ 50 ಡಿಗ್ರಿಗಿಂತ ಕೆಳಗೆ ತಿರುಗಿಸಿಡಿ. ಬಕೆಟ್ಟಿಗೆ ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮಗುವನ್ನು ಕೂರಿಸುವ ಮುನ್ನ ನಿಮ್ಮ ಮೊಣಕೈಯಿಂದ ಮುಟ್ಟಿ ನೋಡಿ.

ಬಕೆಟ್ಟಿನಲ್ಲಿ ಇಳಿಬಿಡುವ ನೀರು ಕಾಯಿಸುವ ಕಾಯಿಲ್ ಎರಡು ಅಪಾಯಗಳನ್ನು ಒಟ್ಟಿಗೆ ತರುತ್ತದೆ, ಕುದಿಯುವ ನೀರು ಮತ್ತು ಕರೆಂಟು. ಅದನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಷ್ಟೇ ಬಳಸಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲಷ್ಟೇ ನೀರು ಮುಟ್ಟಿ.

ಅಡುಗೆಮನೆಯಲ್ಲಿ:

- ಒಗ್ಗರಣೆ, ಎಣ್ಣೆ ಕಾಯಿಸುವುದು, ಹಾಲು ಕುದಿಸುವುದು ಹಿಂದಿನ ಬರ್ನರಿನ ಮೇಲೆ. ಬಾಣಲೆಯ ಹಿಡಿ ಗೋಡೆಯ ಕಡೆಗಿರಲಿ.
- ನೆಲದ ಮೇಲೆ ಅಡುಗೆ ಮಾಡುವ ಮನೆಗಳಲ್ಲಿ ಅಪಾಯ ಹೆಚ್ಚು. ಒಲೆ, ಸ್ಟೌವನ್ನು ಕಟ್ಟೆಯ ಮೇಲಕ್ಕೆ ಏರಿಸಲು ಆಗದಿದ್ದರೆ ಬಾಗಿಲಿಗೆ ಅಡ್ಡಲಾಗಿ ಮಗು ದಾಟಲಾಗದ ಹಲಗೆ ಇಡಿ.
- ಬಿಸಿ ಸಾರು, ಅನ್ನ ಬಸಿದ ಗಂಜಿಯ ಪಾತ್ರೆಯನ್ನು ‘ಆರಲಿ’ ಎಂದು ನೆಲದ ಮೇಲೆ ಇಡಬೇಡಿ. ಹಬ್ಬ, ಮದುವೆಯ ಮನೆಗಳಲ್ಲಿ ಇದನ್ನು ವಿಶೇಷವಾಗಿ ನೆನಪಿಡಿ.
- ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಕಾಫಿ ಲೋಟ ಬೇಡ. ಮಾಡಿದ 15 ನಿಮಿಷದ ನಂತರವೂ ಕಾಫಿ, ಟೀ ಮಗುವನ್ನು ಸುಡಬಲ್ಲವು.

*ಸುಟ್ಟರೆ ಏನು ಮಾಡಬೇಕು?* ಟೂತ್‌ಪೇಸ್ಟ್, ಇಂಕು, ತುಪ್ಪ, ಅರಿಶಿನ, ಕಾಫಿಪುಡಿ, ಮಂಜುಗಡ್ಡೆ ಯಾವುದೂ ಬೇಡ. ಇವು ಶಾಖವನ್ನು ಒಳಗೇ ಹಿಡಿದಿಡಬಹುದು, ಸೋಂಕು ತರಬಹುದು, ಗಾಯ ಎಷ್ಟು ಆಳವಾಗಿದೆ ಎಂದು ವೈದ್ಯರಿಗೆ ಕಾಣದಂತೆ ಮಾಡಬಹುದು. ಮಂಜುಗಡ್ಡೆ ಚರ್ಮಕ್ಕೆ ಇನ್ನಷ್ಟು ಹಾನಿ ಮಾಡುತ್ತದೆ. ಮಾಡಬೇಕಾದದ್ದು ಒಂದೇ: ಹರಿಯುವ ಸಾಮಾನ್ಯ ತಣ್ಣೀರಿನ ಕೆಳಗೆ ಸುಟ್ಟ ಭಾಗವನ್ನು 20 ನಿಮಿಷ ಹಿಡಿಯುವುದು. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಸುರಿಯುತ್ತಾ ಇರಿ. ಬಳೆ, ಉಡಿದಾರ, ಬಟ್ಟೆ ತೆಗೆಯಿರಿ, ಅಂಟಿಕೊಂಡಿರುವ ಬಟ್ಟೆಯನ್ನು ಮಾತ್ರ ಕೀಳಬೇಡಿ. ಮಗುವಿನ ಉಳಿದ ಮೈಗೆ ಚಳಿಯಾಗದಂತೆ ಹೊದಿಸಿ, ಗಾಯವನ್ನು ಶುಭ್ರವಾದ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ.

ವಿಷ: ಬಾಟಲಿ ಬದಲಾಯಿಸುವ ಅಭ್ಯಾಸ

ಮನೆಯಲ್ಲಿ ಮಕ್ಕಳು ವಿಷ ಕುಡಿಯುವ ಘಟನೆಗಳ ಹಿಂದೆ ಪದೇ ಪದೇ ಕಾಣುವ ಒಂದು ಅಭ್ಯಾಸವಿದೆ. ಅದು ಸೀಮೆಎಣ್ಣೆ, ಥಿನ್ನರ್, ಫಿನಾಯಿಲ್, ಆಸಿಡ್, ಕಳೆನಾಶಕಗಳನ್ನು ನೀರಿನ ಅಥವಾ ತಂಪುಪಾನೀಯದ ಬಾಟಲಿಗೆ ಸುರಿದಿಡುವುದು. ಮಗುವಿಗೆ ಗೊತ್ತಿರುವುದು ಬಾಟಲಿಯ ಆಕಾರ ಮಾತ್ರ. ಹೊಲಕ್ಕೆ ಹೊಡೆದು ಉಳಿದ ಔಷಧಿಯನ್ನು ಮನೆಯೊಳಗೆ ತರಲೇಬೇಡಿ. ಅದರ ಮೂಲ ಡಬ್ಬಿಯಲ್ಲೇ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಹೊರಗೆ ಇಡಿ.

ಮನೆಯ ‘ನಿರಪಾಯಕಾರಿ’ ವಸ್ತುಗಳಲ್ಲೂ ಕೆಲವು ಅಪಾಯಕಾರಿ:

- ಕರ್ಪೂರ: ದೇವರ ಮುಂದೆ ಇರುವ, ಕಲ್ಲುಸಕ್ಕರೆಯಂತೆ ಕಾಣುವ ಈ ಬಿಲ್ಲೆ ಹೊಟ್ಟೆಗೆ ಹೋದರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಪುಟ್ಟ ಮಗುವಿಗೆ ಒಂದು ಗ್ರಾಂನಷ್ಟು ಕೂಡ ಪ್ರಾಣಾಂತಿಕವಾಗಬಲ್ಲದು. ಶೀತಕ್ಕೆಂದು ಮೂಗಿನ ಹತ್ತಿರ ಹಚ್ಚುವುದೂ ಬೇಡ.
- ನುಸಿಗುಳಿಗೆ: ನ್ಯಾಫ್ತಲೀನ್ ಇರುವ ಗುಳಿಗೆಗಳು, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.
- ಕಬ್ಬಿಣಾಂಶದ ಮಾತ್ರೆ: ಗರ್ಭಿಣಿಯರಿಗೆ ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಮೇಲೆ ಸಕ್ಕರೆಯ ಲೇಪ ಇರುವುದರಿಂದ ಮಗುವಿಗೆ ಅದು ಪೆಪ್ಪರಮಿಂಟು. 10 ಕಿಲೋ ತೂಕದ ಮಗು ಹತ್ತು ಮಾತ್ರೆ ನುಂಗಿದರೆ ಅದು ಗಂಭೀರ ವಿಷಪ್ರಾಶನ.
- ಅಜ್ಜ ಅಜ್ಜಿಯ ಮಾತ್ರೆ: ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಲ್ಲಿ ಒಂದೇ ಒಂದು ನುಂಗಿದರೂ ಮಗುವಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ದಿಂಬಿನ ಕೆಳಗೆ, ಕಿಟಕಿಯ ಮೇಲೆ ಇಡುವ ಬದಲು ಎತ್ತರದ ಗೂಡಿನಲ್ಲಿ ಇಡಲು ಹಿರಿಯರಿಗೆ ಅನುಕೂಲ ಮಾಡಿಕೊಡಿ. ಔಷಧಿಯನ್ನು ‘ಚಾಕೊಲೇಟ್’ ಎಂದು ಹೇಳಿ ಕುಡಿಸಬೇಡಿ.

*‘ವಾಂತಿ ಮಾಡಿಸಿದರೆ ವಿಷ ಹೊರಬರುತ್ತದೆ’ ಎಂಬುದು ನಿಜವೇ?* ಇಲ್ಲ. ಸೀಮೆಎಣ್ಣೆ ತೀರಾ ತೆಳುವಾದ ದ್ರವ. ಅದರ ದೊಡ್ಡ ಅಪಾಯವಿರುವುದು ಹೊಟ್ಟೆಯಲ್ಲಲ್ಲ, ಶ್ವಾಸಕೋಶದಲ್ಲಿ. ವಾಂತಿ ಮಾಡಿಸಿದಾಗ ಅದು ಶ್ವಾಸನಾಳಕ್ಕೆ ಇಳಿದು ತೀವ್ರ ನ್ಯುಮೋನಿಯಾ ಆಗಬಹುದು. ಆಸಿಡ್ ಆಗಿದ್ದರೆ ಇಳಿಯುವಾಗ ಒಮ್ಮೆ, ಮೇಲೆ ಬರುವಾಗ ಇನ್ನೊಮ್ಮೆ ಅನ್ನನಾಳ ಸುಡುತ್ತದೆ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು, ಎಣ್ಣೆ ಕುಡಿಸುವುದು ಯಾವುದೂ ಬೇಡ. ಬಾಯಿಯಲ್ಲಿ ಉಳಿದಿದ್ದನ್ನು ಒರೆಸಿ ತೆಗೆಯಿರಿ, ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ತೊಳೆಯಿರಿ, ಕುಡಿದ ಬಾಟಲಿ ಅಥವಾ ಮಾತ್ರೆಯ ಪಟ್ಟಿಯನ್ನು ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೊರಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಮನೆಯವರೂ ವೈದ್ಯರೂ ಇಲ್ಲಿ ಸಲಹೆ ಕೇಳಬಹುದು.

ಗಂಟಲಿಗೆ ಸಿಕ್ಕುವ ವಸ್ತುಗಳು

ಕಡಲೆಕಾಯಿ, ಹುರಿಗಡಲೆ, ಅಡಿಕೆ ಚೂರು, ಹುಣಸೆಬೀಜ, ಇಡೀ ದ್ರಾಕ್ಷಿ, ಬಲೂನಿನ ತುಂಡು ಇವು ಶ್ವಾಸನಾಳಕ್ಕೆ ಅಡ್ಡ ಸಿಕ್ಕುವ ವಸ್ತುಗಳಲ್ಲಿ ಮುಖ್ಯವಾದವು. ಪುಟ್ಟ ಮಕ್ಕಳಿಗೆ ಅರೆಯುವ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ. 4–5 ವರ್ಷದವರೆಗೆ ಕಡಲೆಕಾಯಿಯನ್ನು ಪುಡಿ ಮಾಡಿ ಕೊಡಿ, ದ್ರಾಕ್ಷಿಯನ್ನು ಉದ್ದುದ್ದ ಸೀಳಿ ಕೊಡಿ. ಓಡಾಡುತ್ತಾ ತಿನ್ನುವುದು ಬೇಡ, ಕೂತು ತಿನ್ನಲಿ.

ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಬರದಿದ್ದರೆ, ಉಸಿರಾಡಲಾಗದಿದ್ದರೆ ತಲೆ ಕೆಳಗಿರುವಂತೆ ಹಿಡಿದು ಎರಡು ಭುಜಗಳ ನಡುವೆ ಅಂಗೈಬುಡದಿಂದ 5 ಸಲ ಬಲವಾಗಿ ಹೊಡೆಯಿರಿ. ಹೊರಬರದಿದ್ದರೆ, ಒಂದು ವರ್ಷದೊಳಗಿನ ಕೂಸಿಗೆ ಎದೆಯ ನಡುವೆ 5 ಸಲ ಒತ್ತಿ. ಅದಕ್ಕಿಂತ ದೊಡ್ಡ ಮಗುವಿಗೆ ಹಿಂದಿನಿಂದ ಹಿಡಿದು ಹೊಕ್ಕುಳಿನ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ವಸ್ತು ಹೊರಬರುವವರೆಗೂ ಹೀಗೆ ಒಂದಾದ ಮೇಲೊಂದು ಮಾಡುತ್ತಿರಿ. ಕಣ್ಣಿಗೆ ಕಾಣದ ವಸ್ತುವನ್ನು ಬೆರಳು ಹಾಕಿ ತಡಕಬೇಡಿ, ಅದು ಇನ್ನೂ ಒಳಗೆ ಹೋಗಬಹುದು.

ಗುಂಡಿಯಾಕಾರದ ಬ್ಯಾಟರಿ ಇನ್ನೊಂದು ಬಗೆಯ ಅಪಾಯ. ರಿಮೋಟು, ಆಟಿಕೆ, ತೂಕದ ಯಂತ್ರಗಳಲ್ಲಿರುವ ಸಿಆರ್ 2032 ಎಂಬ ಬ್ಯಾಟರಿಯ ಅಗಲ 20 ಮಿಲಿಮೀಟರ್, ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವಷ್ಟು. ಅದು ಒಡೆದು ಸೋರಬೇಕೆಂದೇನಿಲ್ಲ. ಹಸಿ ಅಂಗಾಂಶಕ್ಕೆ ತಾಗಿದ ಕೂಡಲೇ ಕರೆಂಟು ಹರಿದು, ಅಲ್ಲಿ ಸುಡುವ ಕ್ಷಾರ ಉಂಟಾಗುತ್ತದೆ. ಎರಡು ಗಂಟೆಯಲ್ಲಿ ಗಂಭೀರ ಗಾಯವಾಗಬಹುದು. ‘ನಾಣ್ಯದ ಹಾಗೆ ನಾಳೆ ಹೊರಗೆ ಹೋಗುತ್ತೆ, ಬಾಳೆಹಣ್ಣು ತಿನ್ನಿಸಿ’ ಎಂದು ಕಾಯಬೇಡಿ. ನುಂಗಿದ ಅನುಮಾನವಿದ್ದರೂ ಎಕ್ಸ್‌ರೇ ಇರುವ ಆಸ್ಪತ್ರೆಗೆ ಆಗಲೇ ಹೋಗಿ. ಒಂದು ವರ್ಷ ದಾಟಿದ, ನುಂಗಬಲ್ಲ ಮಗುವಿಗೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 2 ಟೀ ಚಮಚ ಜೇನುತುಪ್ಪ ಕೊಟ್ಟರೆ ಹಾನಿ ಕಡಿಮೆಯಾಗುತ್ತದೆ. ಆದರೆ ಜೇನು ಹುಡುಕುತ್ತಾ ತಡ ಮಾಡಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು.

ಬೀಳುವುದು, ಕರೆಂಟು, ಗೇಟು

- ಬಾಲ್ಕನಿ, ತಾರಸಿ, ಮೆಟ್ಟಿಲಿನ ಸರಳುಗಳ ನಡುವಿನ ಅಂತರ 10 ಸೆಂಟಿಮೀಟರಿಗಿಂತ ಕಡಿಮೆ ಇರಲಿ. ಅಡ್ಡ ಸರಳುಗಳು ಮಗುವಿಗೆ ಏಣಿಯಾಗುತ್ತವೆ. ಹೂಕುಂಡ, ಕುರ್ಚಿ, ಹಳೆಯ ಸ್ಟೂಲನ್ನು ಪ್ಯಾರಪೆಟ್ಟಿನಿಂದ ದೂರ ಸರಿಸಿ. ಸೊಳ್ಳೆ ಪರದೆ ಮಗುವಿನ ಭಾರ ತಡೆಯುವುದಿಲ್ಲ.
- ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಅದು ಉಳಿಸುವುದು ವೈರಿಂಗನ್ನು. ಮನುಷ್ಯರನ್ನು ಉಳಿಸಲು ಬೇಕಾದದ್ದು 30 ಮಿಲಿಆಂಪಿಯರ್ ಆರ್‌ಸಿಸಿಬಿ. ಎಲೆಕ್ಟ್ರಿಷಿಯನ್ ಬಂದಾಗ ಕೇಳಿ ಹಾಕಿಸಿ. ಕೆಳಮಟ್ಟದ ಸಾಕೆಟ್ಟುಗಳಿಗೆ ಒಳಮುಚ್ಚಳ ಇರುವಂಥವನ್ನೇ ಆರಿಸಿ. ಫೋನಿಲ್ಲದ ಚಾರ್ಜರ್ ವೈರನ್ನು ಚಾಲೂ ಇಟ್ಟು ನೇತುಬಿಡಬೇಡಿ, ಮಗು ಅದರ ತುದಿಯನ್ನು ಚೀಪುತ್ತದೆ.
- ಬೀರು, ಟಿವಿ, ಪುಸ್ತಕದ ಕಪಾಟನ್ನು ಗೋಡೆಗೆ ಬಿಗಿಯಿರಿ. ಡ್ರಾಯರನ್ನು ಮಗು ಮೆಟ್ಟಿಲೆಂದುಕೊಳ್ಳುತ್ತದೆ.
- ಕಾಂಪೌಂಡಿನ ಜಾರುವ ಗೇಟಿನ ಕೊನೆಯಲ್ಲಿ ಗಟ್ಟಿಯಾದ ತಡೆ ಇದೆಯೇ ನೋಡಿ. ಹಳಿ ತಪ್ಪಿದ ಗೇಟು ನೂರಾರು ಕಿಲೋ ಭಾರದೊಂದಿಗೆ ಮಗುವಿನ ಮೇಲೆ ಬೀಳುತ್ತದೆ. ಕಾರು ಹಿಂದಕ್ಕೆ ತೆಗೆಯುವ ಮುನ್ನ ಮಗು ಯಾರ ಕೈಯಲ್ಲಿದೆ ಎಂದು ಕಣ್ಣಾರೆ ನೋಡಿ.
- ಸೀರೆಯ ಜೋಲಿಯಲ್ಲಿ ದೊಡ್ಡ ಮಕ್ಕಳು ಒಬ್ಬರೇ ಆಡುವುದು ಬೇಡ. ಬಟ್ಟೆ ತಿರುಚಿಕೊಂಡು ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಕೂಸಿನ ಕುತ್ತಿಗೆಗೆ ಕಟ್ಟುವ ದೃಷ್ಟಿದಾರಕ್ಕೂ ಇದೇ ಮಾತು.

*‘ವಾಕರ್ ಕೊಟ್ಟರೆ ಮಗು ಬೇಗ ನಡೆಯುತ್ತದೆ’* ಎಂಬುದಕ್ಕೆ ಆಧಾರವಿಲ್ಲ. ಚಕ್ರದ ವಾಕರ್ ಮಗುವಿನ ನಡಿಗೆಯನ್ನು ಬೇಗ ತರುವುದಿಲ್ಲ, ತಡವಾಗಿಸಲೂಬಹುದು. ಅದರಲ್ಲಿ ಕೂತ ಮಗು ಕ್ಷಣದಲ್ಲಿ ಮೆಟ್ಟಿಲಿನ ಅಂಚು ತಲುಪುತ್ತದೆ. ಕೆನಡಾ 2004ರಲ್ಲೇ ಇವುಗಳ ಮಾರಾಟವನ್ನು ನಿಷೇಧಿಸಿತು.

ಉಪ್ಪಿನಲ್ಲಿ ಹೂತರೆ ಜೀವ ಬರುತ್ತದೆಯೇ?

2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನೀರಿನಲ್ಲಿ ಮುಳುಗಿದ ಬಾಲಕನೊಬ್ಬನ ದೇಹವನ್ನು ಮನೆಯವರು ಗಂಟೆಗಟ್ಟಲೆ ಉಪ್ಪಿನಲ್ಲಿ ಮುಚ್ಚಿಟ್ಟು ಕಾದರು. ಸಾಮಾಜಿಕ ಜಾಲತಾಣದಲ್ಲಿ ಹರಿದಾಡುತ್ತಿದ್ದ ಸಂದೇಶವೊಂದನ್ನು ಅವರು ನಂಬಿದ್ದರು. ಅವರನ್ನು ನೋಡಿ ನಗುವುದಕ್ಕಾಗಲಿ ಬೈಯುವುದಕ್ಕಾಗಲಿ ಕಾರಣವಿಲ್ಲ. ಮಗುವನ್ನು ಉಳಿಸಿಕೊಳ್ಳಲು ಅವರಿಗೆ ಸಿಕ್ಕ ಮಾಹಿತಿ ಅದಾಗಿತ್ತು. ತಪ್ಪು ಆ ಸಂದೇಶದ್ದು.

ಉಪ್ಪು ಚರ್ಮದ ಮೂಲಕ ಶ್ವಾಸಕೋಶದ ನೀರನ್ನು ಹೀರುವುದಿಲ್ಲ. ಮುಳುಗಿದವರು ಸಾಯುವುದು ಆಮ್ಲಜನಕ ಸಿಗದೆ. ಉಸಿರು ನಿಂತ ನಾಲ್ಕೈದು ನಿಮಿಷಗಳಲ್ಲೇ ಮೆದುಳಿಗೆ ಹಾನಿಯಾಗತೊಡಗುತ್ತದೆ. ಮಗುವನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಹೊರತೆಗೆಯುವುದು ಇವೂ ಅದೇ ಅಮೂಲ್ಯ ನಿಮಿಷಗಳನ್ನು ಕಳೆಯುತ್ತವೆ, ವಾಂತಿಯಾಗಿ ಶ್ವಾಸನಾಳಕ್ಕೆ ಇಳಿಯುವಂತೆಯೂ ಮಾಡುತ್ತವೆ.

ಮಾಡಬೇಕಾದದ್ದು ಇದು. ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಿ. ಉಸಿರಿಲ್ಲದಿದ್ದರೆ ಗದ್ದ ಎತ್ತಿ, ಮೊದಲು ಬಾಯಿಯ ಮೂಲಕ ಎದೆ ಏಳುವಷ್ಟು ಉಸಿರನ್ನು 2 ಸಲ ಊದಿ. ಕೂಸಾಗಿದ್ದರೆ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ ಊದಿ. ಆಮೇಲೆ ಎದೆಯ ನಡುವೆ, ಎದೆಯ ದಪ್ಪದ ಮೂರನೇ ಒಂದು ಭಾಗ ಇಳಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ. ಮತ್ತೆ 2 ಉಸಿರು, ಮತ್ತೆ 30 ಒತ್ತು. ಆಂಬುಲೆನ್ಸ್ ಬರುವವರೆಗೆ ಅಥವಾ ಮಗು ಉಸಿರಾಡುವವರೆಗೆ ನಿಲ್ಲಿಸಬೇಡಿ. ಓದಿ ತಿಳಿದದ್ದು ಗಾಬರಿಯಲ್ಲಿ ಮರೆತುಹೋಗುತ್ತದೆ, ಕೈಯಿಂದ ಮಾಡಿ ಕಲಿತದ್ದು ಉಳಿಯುತ್ತದೆ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನಂಥ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತವೆ. ಮನೆಯಲ್ಲಿ ಒಬ್ಬರಾದರೂ ಕಲಿತಿರಲಿ.

ಒಂದು ಸಂಜೆಯ ಕೆಲಸ

ಇಷ್ಟೆಲ್ಲ ಓದಿ ಎಲ್ಲಿಂದ ಶುರು ಮಾಡುವುದು ಎಂದು ತೋಚದಿದ್ದರೆ, ಮಗುವಿನ ಹಾಗೆ ಮಂಡಿಯೂರಿ ಮನೆಯನ್ನು ಒಂದು ಸುತ್ತು ಹಾಕಿ. ನಿಂತಾಗ ಕಾಣದ್ದು ಆ ಎತ್ತರದಿಂದ ಕಾಣುತ್ತದೆ. ಮಂಚದ ಕೆಳಗಿನ ಮಾತ್ರೆ, ಸಿಂಕಿನ ಕೆಳಗಿನ ಆಸಿಡ್ ಬಾಟಲಿ, ಮೇಜಿನಿಂದ ಜೋತಾಡುವ ವೈರು ಎಲ್ಲವೂ ಕಣ್ಣಿಗೆ ಬೀಳುತ್ತವೆ.

ಮೊದಲ ದಿನ ಐದು ಕೆಲಸ ಮಾಡಿ: ಬಚ್ಚಲುಮನೆಗೆ ಎತ್ತರದ ಚಿಲಕ, ಸಂಪಿಗೆ ಬೀಗ, ವಿಷದ ಬಾಟಲಿಗಳು ಬೀಗದೊಳಗೆ, ಮಾತ್ರೆ ಮತ್ತು ಕರ್ಪೂರ ಎತ್ತರದ ಗೂಡಿಗೆ, ಬಾಲ್ಕನಿಯಿಂದ ಕುರ್ಚಿ ಒಳಗೆ. ಬಳಿಕ 108, 112 ಮತ್ತು 1800 116 117 ಈ ಮೂರು ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಮಗುವನ್ನು ನೋಡಿಕೊಳ್ಳುವ ಅಜ್ಜಿ, ಅಕ್ಕ, ಕೆಲಸದವರು ಎಲ್ಲರಿಗೂ ಅದನ್ನು ತೋರಿಸಿ. ಮಗು ಹೆಚ್ಚು ಹೊತ್ತು ಕಳೆಯುವ ಅಜ್ಜಿ ಮನೆ, ಪಕ್ಕದ ಮನೆಗಳಲ್ಲೂ ಒಮ್ಮೆ ಮಂಡಿಯೂರಿ ನೋಡುವುದು ಒಳ್ಳೆಯದು.